ಕಲ್ಲಿನದು ಕಲ್ಲಿಗೆ

ಮಳೆ ನಿಂತ ಮಾರನೇ ದಿನವೇ ಆಗಬೇಕು.
ಒಣಗಿದ್ದರೆ ಪುಡಿಯಾಗುತ್ತದೆ, ತೀರ ನೆಂದಿದ್ದರೆ ಜಾರುತ್ತದೆ,
ಎನ್ನುತ್ತ ಓಯ್ರಿಕ್ ಅಜ್ಜಿ ಬಂಡೆಗೆ ಮಂಡಿಯೂರಿ
ಹಿಡಿ ಮುರಿದ ಸೂಪಿನ ಚಮಚದಿಂದ ಕೆರೆಯುವಳು
ಕಲ್ಲುಹೂವು:
ಬೂದಿ ಬಣ್ಣದ್ದು, ಅಂಚು ಸುರುಟಿದ್ದು,
ಇದರೊಳಗೆ ಬಣ್ಣ ಅಡಗಿದೆಯೆಂದು
ಆಣೆ ಮಾಡಿದರೂ ನಂಬುವ ಹಾಗಿಲ್ಲ.

ಒಂದೇ ಬಂಡೆಯನ್ನು ಪೂರ್ತಿ ಬೋಳಿಸಬಾರದು.
ಈ ಹೊತ್ತು ಕೆರೆದ ಜಾಗ ಮತ್ತೆ ತುಂಬುವಷ್ಟರಲ್ಲಿ
ನಿನಗೆ ಮದುವೆಯಾಗಿ ನಿನ್ನ ಮಕ್ಕಳ ಹಲ್ಲು ಬಿದ್ದಿರುತ್ತವೆ.
ನನಗಾಗ ಏಳು. ನಾಲಿಗೆ ತಾನಾಗಿ
ಬಾಯೊಳಗಿನ ಸಂದಿಯನ್ನು ತಡವಿ ನೋಡಿತು.

ಹ್ಯಾರಿಸ್ ದ್ವೀಪದ ಮೂಡಣ ಅಂಚು. ಮರವೆಂಬುದಿಲ್ಲ.
ಗಾಳಿಗೆ ಬಗ್ಗಿಸಲು ಉಳಿದದ್ದು ಹುಲ್ಲು, ಹೊಗೆ.
ತೊರೆಯ ಬದಿಗೆ ಮೂರು ಕಾಲಿನ ಕಬ್ಬಿಣದ ಹಂಡೆ;
ಒಂದು ಪದರ ಉಣ್ಣೆ, ಒಂದು ಪದರ ಕಲ್ಲುಹೂವು,
ಮೇಲೆ ಮತ್ತೆ ಉಣ್ಣೆ, ಹಾಸಿಗೆ ಹಾಸಿದ ಹಾಗೆ.
ಜೌಗುಮಣ್ಣಿನ ಒಣಹೆಂಟೆ ಒಟ್ಟುವುದು ನನ್ನ ಪಾಲು,
ಸಂಜೆಯವರೆಗೆ.

ನೀಲಿಯದು ಬೇರೆಯೇ ಕತೆ: ಅದಕ್ಕೆ ಬೇಕು
ಬಾಗಿಲ ಹಿಂದಿನ ಪೀಪಾಯಿಯಲ್ಲಿ ಹಳಸಿದ ಉಚ್ಚೆ.
ಬಂದ ನೆಂಟರಿಗೆ ಚಹಾ ಕೊಟ್ಟು, ಇನ್ನೊಂದು ಬಟ್ಟಲು ಕೊಟ್ಟು,
ಏಳುವ ಮುನ್ನ ಪೀಪಾಯಿಯ ಕಡೆ ಕಣ್ಣು ಹಾಯಿಸುವಳು.
ಪಾದ್ರಿಯೂ ಒಮ್ಮೆ ಸಲ್ಲಿಸಿ ಹೋದನಂತೆ
ತನ್ನ ಕಾಣಿಕೆ.

ಮತ್ತೆ ಕೆಂಪು? ಕೇಳಿದ್ದೆ. ಪಡುವಣ ಮರಳುಬಯಲಲ್ಲಿ
ಹಳದಿ ಹೂವಿನದೊಂದು ಸಸಿ; ಬೇರು ನೂಲಿನಷ್ಟು ಸಣ್ಣ,
ಕೊಯ್ದ ಬೆರಳಿನಷ್ಟು ಕೆಂಪು.
ಕೀಳಬಾರದು. ಆ ಬೇರೇ ಹೊಲಿದಿಟ್ಟಿದೆ ಮರಳನ್ನು;
ಕಿತ್ತರೆ ಬರುವ ಚಳಿಗಾಲಕ್ಕೆ ಹೊಲವೇ ಹಾರಿಹೋಗುತ್ತದೆ.
ಕಿತ್ತದ್ದಕ್ಕೆ ಅವಳ ತಾಯಿಗೆ ದಂಡ ಬಿದ್ದಿತ್ತು, ಒಂದು ಕುರಿ.
ಕಂಬಳಿಯಂಚಿನಲ್ಲಿ ಆ ಕೆಂಪು ಇನ್ನೂ ಇತ್ತು,
ಕಿರುಬೆರಳಗಲ.
ಕುರಿಗೆ ಮೋಸವಿಲ್ಲ, ಎನ್ನುವಳು ಸವರುತ್ತ.

ಹಂಡೆಯ ಕಂದಿನಲ್ಲಿ ಊರಿಗೆಲ್ಲ ಹೆಣೆದಳು:
ಕುರಿ ಕಾಯುವವನಿಗೆ, ಅಂಚೆಯವನಿಗೆ, ನನಗೆ.
ದೋಣಿ ಏರುವವರಿಗೆ ಮಾತ್ರ ಇಲ್ಲ.
ಕಲ್ಲಿನದು ಕಲ್ಲಿಗೇ ಮರಳುತ್ತದೆ, ಹುಡುಗಿ.
ಕಲ್ಲುಹೂವಿನ ಕಾಲುಚೀಲ ತೊಟ್ಟವನು ನೀರಿಗೆ ಬಿದ್ದರೆ
ನೇರ ತಳಕ್ಕೆ, ಬಂಡೆಗೆ.
ಅದಕ್ಕೇ ಗಂಡ ಟೋರ್ಕಿಲ್‌ಗೆ ನೀಲಿ ಹೆಣೆದದ್ದು,
ಮಗ ಫಿಯೂನ್ಲಾನಿಗೂ.

ಟೋರ್ಕಿಲ್ ಹೋದ ಮಾರ್ಚ್‌ನಲ್ಲಿ ನಾನು ಹುಟ್ಟಿರಲಿಲ್ಲ.
ದೋಣಿ ಸಿಕ್ಕಿತು, ಹುಟ್ಟು ಸಿಕ್ಕಿತು, ಟೋಪಿ ಕೂಡ.
ಅವನು ಸಿಗಲಿಲ್ಲ.

ಆ ಮಾತನ್ನು ಅವಳು ಆಡಿದ್ದು ಒಂದೇ ಸಲ,
ಹೊಗೆಯಾಚೆಯಿಂದ, ಕೋಲಿನಲ್ಲಿ ಉಣ್ಣೆ ಅದುಮುತ್ತ:
ನೀಲಿ ಹೆಣೆದದ್ದೇ ತಪ್ಪಾಯಿತೇನೋ.
ಕಂದು ತೊಟ್ಟಿದ್ದರೆ ಯಾವುದೋ ಒಂದು ಬಂಡೆಯ ಬುಡದಲ್ಲಿ
ಇರುತ್ತಿದ್ದ. ಇಳಿತದ ದಿನ ಹೋಗಿ ನಿಂತು
ಇದೇ ಇರಬೇಕು ಎನ್ನಬಹುದಿತ್ತು.
ನೀಲಿ ಅವನನ್ನು ತೇಲಿಸಿತು. ತೇಲಿಸಿ, ಎಲ್ಲಿಗೆ?

ನಾನು ಇನ್ನೊಂದು ಹೆಂಟೆ ಒಟ್ಟಿದೆ.

ಅವಳು ಹೋದ ವರ್ಷ ನನ್ನ ಮಗನ ಮೊದಲ ಹಲ್ಲು ಬಿತ್ತು.
ಫಿಯೂನ್ಲಾ ಪೆಟ್ಟಿಗೆ ತೆರೆದರೆ, ಬಟ್ಟೆಗಳ ತಳದಲ್ಲಿ
ಕಂದು ಕಾಲುಚೀಲ, ಒಂದು ಜೊತೆ,
ಹಂಡೆಯ ವಾಸನೆ ಆರಿರಲಿಲ್ಲ.
ಅಳತೆ ಅವಳದಲ್ಲ. ಗಂಡಸಿನ ಪಾದ.
ಹಿಮ್ಮಡಿಗೆ ಎರಡೆಳೆ ಸೇರಿಸಿ ಬಿಗಿದಿದ್ದಳು,
ಬೂಟಿಗೆ ಸವೆಯದಿರಲೆಂದು.

ಅವನು ಏನೂ ಹೇಳದೆ ದೋಣಿ ತೆಗೆದ. ನಾನೂ ಹತ್ತಿದೆ.
ಎಲ್ಲಿ? ಎಂದ, ಹುಟ್ಟು ಎತ್ತಿ ಹಿಡಿದು.
ಕಲ್ಲಿಗೆ ಗೊತ್ತಿರುತ್ತದೆ, ಎಂದೆ.

ಬಿಟ್ಟೆವು. ಮುಳುಗಲಿಲ್ಲ.
ಉಣ್ಣೆ ನೆನೆಯಲು ಹೊತ್ತು ಬೇಕು.
ಕಾದೆವು, ಇಬ್ಬರೂ ನೀರನ್ನೇ ನೋಡುತ್ತ.
ಒಂದು ಹೋಯಿತು.
ಇನ್ನೊಂದು ಮಗುಚಿಕೊಂಡು
ಇನ್ನೂ ಸ್ವಲ್ಪ ಹೊತ್ತು ತೇಲುತ್ತಿತ್ತು.